ವಿಜ್ಞಾನ ಓದಲು ಹಣ: ಎಲ್ಲಿದೆ, ಯಾವಾಗ ಕೇಳಬೇಕು?

ಪಿ.ಯು.ಸಿ. ಫಲಿತಾಂಶ ಬಂದ ವಾರದಲ್ಲಿ ವರ್ಷ ವರ್ಷವೂ ಕೇಳಿಬರುವ ಪ್ರಶ್ನೆಯೊಂದಿದೆ: 'ಬಿ.ಎಸ್ಸಿ. ಮಾಡಿ ಆಮೇಲೇನು ಮಾಡ್ತೀಯ?' ಕೇಳುವವರು ತಂದೆಯಾಗಿರಬಹುದು, ಸೋದರಮಾವನಾಗಿರಬಹುದು, ಕೆಲವೊಮ್ಮೆ ನಮ್ಮ ಉಪನ್ಯಾಸಕ ಮಿತ್ರರೇ ಆಗಿರುತ್ತಾರೆ. ಈ ಪ್ರಶ್ನೆಯ ಹಿಂದಿರುವುದು ವಿಜ್ಞಾನದ ಬಗೆಗಿನ ಅನಾದರವಲ್ಲ, ಮನೆಯ ಲೆಕ್ಕಾಚಾರ. ಪದವಿಗೆ ಮೂರು ವರ್ಷ, ಸ್ನಾತಕೋತ್ತರಕ್ಕೆ ಎರಡು ವರ್ಷ, ಸಂಶೋಧನೆಗೆ ಐದು ವರ್ಷ. ಹತ್ತು ವರ್ಷ ಮನೆಯಿಂದಲೇ ಹಣ ಹೋಗಬೇಕು ಎಂದು ಅವರು ಎಣಿಸಿರುತ್ತಾರೆ. ಒಳ್ಳೆಯ ಅಂಕ ಪಡೆದ ಹುಡುಗ, ಅದಕ್ಕಿಂತ ಹೆಚ್ಚಾಗಿ ಹುಡುಗಿ, ಇಷ್ಟದ ಭೌತವಿಜ್ಞಾನವನ್ನೋ ಸಸ್ಯವಿಜ್ಞಾನವನ್ನೋ ಬಿಟ್ಟು ಬೇರೆ ದಾರಿ ಹಿಡಿಯುವುದು ಇಲ್ಲಿಯೇ.

ಆ ಲೆಕ್ಕದಲ್ಲಿ ಒಂದು ದೊಡ್ಡ ತಪ್ಪಿದೆ. ಕೊನೆಯ ಐದು ವರ್ಷಗಳನ್ನೇ ನೋಡಿ. ಸಿ.ಎಸ್.ಐ.ಆರ್.-ಯು.ಜಿ.ಸಿ. ನೆಟ್ ಪರೀಕ್ಷೆಯಲ್ಲಿ ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಜೆ.ಆರ್.ಎಫ್., ಪಡೆದವರಿಗೆ 2023ರ ಜನವರಿಯಿಂದ ಅನ್ವಯವಾದ ದರದಂತೆ ಮೊದಲ ಎರಡು ವರ್ಷ ತಿಂಗಳಿಗೆ ರೂ. 37,000, ಅನಂತರ ಹಿರಿಯ ಫೆಲೋ ಆದಾಗ ರೂ. 42,000. ಎರಡು ವರ್ಷಕ್ಕೆ ರೂ. 8,88,000, ಮುಂದಿನ ಮೂರು ವರ್ಷಕ್ಕೆ ರೂ. 15,12,000, ಕೂಡಿಸಿದರೆ ಸರಿಯಾಗಿ 24 ಲಕ್ಷ. ಮನೆಬಾಡಿಗೆ ಭತ್ಯೆ ಬೇರೆ. ಪಿಎಚ್.ಡಿ. ಎಂಬುದು ಹಣ ಕೊಟ್ಟು ಮಾಡುವ ಓದಲ್ಲ, ಹಣ ಪಡೆದು ಮಾಡುವ ಕೆಲಸ. ಇದನ್ನು ಪಿ.ಯು. ತರಗತಿಯಲ್ಲಿ ಒಮ್ಮೆ ಹಲಗೆಯ ಮೇಲೆ ಬರೆದು ತೋರಿಸಿ. ಮಕ್ಕಳ ಮುಖ ನೋಡುವಂತಿರುತ್ತದೆ.

ಹಣವಿದೆ ಎಂದ ಮಾತ್ರಕ್ಕೆ ಅದು ಕೈಗೆ ಬರುವುದಿಲ್ಲ. ಬಹುತೇಕ ವಿದ್ಯಾರ್ಥಿವೇತನಗಳ ಬಾಗಿಲು ವರ್ಷದಲ್ಲಿ ಕೆಲವೇ ವಾರ ತೆರೆದಿರುತ್ತದೆ. ಅದೂ ನಮಗೆ ಹಣ ಬೇಕೆನಿಸುವ ಹೊತ್ತಿಗೆ ಅಲ್ಲ, ಅದಕ್ಕಿಂತ ಆರು ತಿಂಗಳು, ವರ್ಷ ಮುಂಚೆ. ಜೊತೆಗೆ ಎಲ್ಲೋ ಒಂದು ಕಡೆ ಅಧ್ಯಾಪಕರ ಸಹಿ, ಪತ್ರ ಅಥವಾ ಪರಿಶೀಲನೆ ಬೇಕೇ ಬೇಕು. ಅಂಕ ಸಾಲದೆ ತಪ್ಪಿದವರಿಗಿಂತ ಈ ಎರಡರಲ್ಲಿ ಎಡವಿ ತಪ್ಪಿಸಿಕೊಂಡವರೇ ಹೆಚ್ಚು ಎಂಬುದು ನನ್ನ ಅನುಭವ. ಆದ್ದರಿಂದ ಈ ಲೇಖನದಲ್ಲಿ ಎಲ್ಲ ಯೋಜನೆಗಳ ಪಟ್ಟಿ ಕೊಡುವುದಿಲ್ಲ. ಪಟ್ಟಿ ಗೋಡೆಯ ಮೇಲೆ ಚೆನ್ನಾಗಿ ಕಾಣುತ್ತದೆ, ಅಷ್ಟೇ. ಯಾವ ಮೆಟ್ಟಿಲಿನಲ್ಲಿ ಯಾವ ಬಾಗಿಲು, ಅದಕ್ಕೆ ಯಾವಾಗ ಸಿದ್ಧರಾಗಬೇಕು ಎಂಬುದನ್ನು ನೋಡೋಣ.

ಶಾಲೆಯಲ್ಲಿ

ಮೊದಲ ಬಾಗಿಲು ಎಂಟನೆಯ ತರಗತಿಯಲ್ಲಿದೆ. 2008ರಲ್ಲಿ ಆರಂಭವಾದ ರಾಷ್ಟ್ರೀಯ ಆದಾಯ ಮತ್ತು ಪ್ರತಿಭೆ ಆಧಾರಿತ ವಿದ್ಯಾರ್ಥಿವೇತನ, ನಾವೆಲ್ಲ ಎನ್.ಎಂ.ಎಂ.ಎಸ್. ಎನ್ನುವುದು, ಸರ್ಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಯ ಮಕ್ಕಳಿಗೆ ಮಾತ್ರ ಮೀಸಲು. ಪೋಷಕರ ವಾರ್ಷಿಕ ಆದಾಯ ಮೂರೂವರೆ ಲಕ್ಷ ಮೀರಿರಬಾರದು. ಎರಡು ಪತ್ರಿಕೆಗಳ ಪರೀಕ್ಷೆ: ಒಂದು ಮಾನಸಿಕ ಸಾಮರ್ಥ್ಯದ್ದು, ಇನ್ನೊಂದು ಪಾಠ ವಿಷಯಗಳದ್ದು. ಆಯ್ಕೆಯಾದರೆ ಒಂಬತ್ತರಿಂದ ದ್ವಿತೀಯ ಪಿ.ಯು.ಸಿ.ವರೆಗೆ ವರ್ಷಕ್ಕೆ ರೂ. 12,000. ನಾಲ್ಕು ವರ್ಷಕ್ಕೆ 48 ಸಾವಿರ. ಹಳ್ಳಿಯ ಮಗು ವಿಜ್ಞಾನ ವಿಭಾಗವಿರುವ ಕಾಲೇಜಿಗೆ ಬಸ್ಸಿನಲ್ಲಿ ಹೋಗಿ ಬರಲು ಸಾಕು.

ಪರೀಕ್ಷೆ ಗೆದ್ದ ಮೇಲೂ ಹಣ ಕಳೆದುಕೊಳ್ಳುವ ಮಕ್ಕಳಿದ್ದಾರೆ. ಕಾರಣಗಳು ಸಣ್ಣವು. ಈ ವೇತನವನ್ನು ಪ್ರತಿ ವರ್ಷ ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲ್‌ನಲ್ಲಿ ನವೀಕರಿಸಬೇಕು. ಹತ್ತನೆಯ ತರಗತಿಯಲ್ಲಿ ಶೇ. 60 ಅಂಕ ಬಂದರೆ ಮಾತ್ರ ಪಿ.ಯು.ಸಿ.ಗೆ ಮುಂದುವರಿಯುತ್ತದೆ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಶೇ. 55. ಮಗು ಪ್ರೌಢಶಾಲೆ ಬಿಟ್ಟು ಪಿ.ಯು. ಕಾಲೇಜಿಗೆ ಹೋದಾಗ ಹಳೆಯ ಶಾಲೆಯವರು 'ನಮ್ಮ ಕೆಲಸ ಮುಗಿಯಿತು' ಎಂದುಕೊಳ್ಳುತ್ತಾರೆ, ಹೊಸ ಕಾಲೇಜಿನವರಿಗೆ ಈ ಮಗುವಿಗೆ ವೇತನವಿದೆ ಎಂಬುದೇ ಗೊತ್ತಿರುವುದಿಲ್ಲ. ಪ್ರಥಮ ಪಿ.ಯು. ಪ್ರವೇಶದ ವೇಳೆ 'ಎನ್.ಎಂ.ಎಂ.ಎಸ್. ಬಂದವರು ಯಾರಿದ್ದೀರಿ?' ಎಂದು ಒಂದು ಮಾತು ಕೇಳಿದರೆ ಸಾಕು.

ಇಲ್ಲೊಂದು ಎಚ್ಚರಿಕೆ. ಶಾಲೆಗಳಲ್ಲಿ ಇಂದಿಗೂ ಎನ್.ಟಿ.ಎಸ್.ಇ. ಪರೀಕ್ಷೆಗೆ ತಯಾರಿ ಮಾಡಿಸುವವರನ್ನು ಕಂಡಿದ್ದೇನೆ. 1963ರಲ್ಲಿ ಹುಟ್ಟಿ ಹಲವು ತಲೆಮಾರುಗಳನ್ನು ಬೆಳೆಸಿದ ಆ ಯೋಜನೆಗೆ ದೊರೆತಿದ್ದ ಮಂಜೂರಾತಿ 2021ರ ಮಾರ್ಚ್‌ಗೆ ಮುಗಿಯಿತು. ಅನಂತರ ಅದನ್ನು ತಡೆಹಿಡಿಯಲಾಯಿತು. ಹಾಗೆಯೇ 1999ರಲ್ಲಿ ಆರಂಭವಾಗಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ನಡೆಸುತ್ತಿದ್ದ ಕಿಶೋರ ವೈಜ್ಞಾನಿಕ ಪ್ರೋತ್ಸಾಹನ ಯೋಜನೆಯ ಪರೀಕ್ಷೆಯೂ 2022ರಿಂದ ಇಲ್ಲ. ಅದನ್ನು ಇನ್‌ಸ್ಪೈರ್ ಯೋಜನೆಯೊಳಗೆ ಸೇರಿಸಲಾಯಿತು. ಹಳೆಯ ಮಾರ್ಗದರ್ಶಿ ಪುಸ್ತಕಗಳು ಮಾತ್ರ ಅಂಗಡಿಗಳಲ್ಲಿ ಉಳಿದಿವೆ. ವಿದ್ಯಾರ್ಥಿವೇತನದ ವಿಷಯದಲ್ಲಿ ಆ ವರ್ಷದ ಅಧಿಸೂಚನೆಯೊಂದೇ ಪ್ರಮಾಣ. ಈ ಲೇಖನವನ್ನೂ ಸೇರಿಸಿ ಉಳಿದುದೆಲ್ಲ ದಿಕ್ಕು ತೋರಿಸಲಷ್ಟೇ.

ಪದವಿಯ ಬಾಗಿಲಲ್ಲಿ

ಇನ್‌ಸ್ಪೈರ್ ಯೋಜನೆಯ ಉನ್ನತ ಶಿಕ್ಷಣದ ವಿದ್ಯಾರ್ಥಿವೇತನ ಮೂಲವಿಜ್ಞಾನ ಓದುವವರಿಗೆಂದೇ 2008ರಲ್ಲಿ ರೂಪುಗೊಂಡದ್ದು. ಹನ್ನೆರಡನೆಯ ತರಗತಿಯ ಪರೀಕ್ಷೆಯಲ್ಲಿ ತಮ್ಮ ಮಂಡಳಿಯ ಮೇಲಿನ ಶೇ. 1ರಷ್ಟು ವಿದ್ಯಾರ್ಥಿಗಳಲ್ಲಿ ಸ್ಥಾನ ಪಡೆದು, ಬಿ.ಎಸ್ಸಿ. ಅಥವಾ ಸಂಯೋಜಿತ ಎಂ.ಎಸ್ಸಿ. ಸೇರಿದವರು ಇದಕ್ಕೆ ಅರ್ಹರು. ಎಂಜಿನಿಯರಿಂಗ್, ವೈದ್ಯಕೀಯ ಸೇರಿದವರಿಗೆ ಇಲ್ಲ. ವರ್ಷಕ್ಕೆ ರೂ. 80,000, ಅದರಲ್ಲಿ 60,000 ವಿದ್ಯಾರ್ಥಿಯ ಕೈಗೆ, 20,000 ಬೇಸಿಗೆಯ ಸಂಶೋಧನಾ ಕಾರ್ಯಕ್ಕೆ. 'ಬಿ.ಎಸ್ಸಿ. ಮಾಡಿ ಆಮೇಲೇನು' ಎಂದು ಕೇಳುವ ಮನೆಗೆ ತಿಂಗಳಿಗೆ ರೂ. 5,000 ತರುವ ಮಗಳು ಬೇರೆಯೇ ಉತ್ತರ ಕೊಡಬಲ್ಲಳು.

ಶೇ. 1ರೊಳಗೆ ಬಾರದವರು ನಿರಾಶರಾಗಬೇಕಿಲ್ಲ. ಕೇಂದ್ರ ವಲಯದ ವಿದ್ಯಾರ್ಥಿವೇತನಕ್ಕೆ ಮಂಡಳಿಯಲ್ಲಿ ಮೇಲಿನ ಶೇ. 20ರೊಳಗಿದ್ದರೆ ಅರ್ಜಿ ಹಾಕಬಹುದು. ಕುಟುಂಬದ ಆದಾಯದ ಮಿತಿ ನಾಲ್ಕೂವರೆ ಲಕ್ಷ. ಪದವಿಯ ಮೂರು ವರ್ಷ ವರ್ಷಕ್ಕೆ ರೂ. 12,000, ಸ್ನಾತಕೋತ್ತರದಲ್ಲಿ ರೂ. 20,000. ನವೀಕರಣಕ್ಕೆ ಶೇ. 75 ಹಾಜರಾತಿ ಬೇಕು; ವಿದ್ಯಾರ್ಥಿಗಳು ಮರೆಯುವ ಷರತ್ತು ಇದೇ. ಸರ್ಕಾರಿ ಶಾಲೆ ಮತ್ತು ಸರ್ಕಾರಿ ಪಿ.ಯು. ಕಾಲೇಜಿನಲ್ಲಿ ಓದಿ ಪದವಿಗೆ ಸೇರುವ ಹೆಣ್ಣುಮಕ್ಕಳಿಗೆ ಅಜೀಂ ಪ್ರೇಮ್‌ಜಿ ಪ್ರತಿಷ್ಠಾನದ ವರ್ಷಕ್ಕೆ ರೂ. 30,000ದ ನೆರವು 2025ರಲ್ಲಿ ಕರ್ನಾಟಕಕ್ಕೂ ಬಂತು. ಇವಲ್ಲದೆ ಸಮಾಜ ಕಲ್ಯಾಣ, ಹಿಂದುಳಿದ ವರ್ಗಗಳು, ಅಲ್ಪಸಂಖ್ಯಾತರು ಹೀಗೆ ರಾಜ್ಯದ ಇಲಾಖೆಗಳ ವೇತನಗಳೆಲ್ಲ ರಾಜ್ಯ ವಿದ್ಯಾರ್ಥಿವೇತನ ತಂತ್ರಾಂಶದ ಮೂಲಕ, ಅಂದರೆ ಎಸ್.ಎಸ್.ಪಿ. ಮೂಲಕ ಬರುತ್ತವೆ.

ಅರ್ಜಿ ಹಾಕುವ ಮುನ್ನವೇ ಕೈಯಲ್ಲಿ ಇರಬೇಕಾದವು: ನಾಡಕಚೇರಿಯಿಂದ ಪಡೆದ ಜಾತಿ ಮತ್ತು ಆದಾಯ ಪ್ರಮಾಣಪತ್ರ, ಅದರ ಮೇಲಿನ ಆರ್.ಡಿ. ಸಂಖ್ಯೆ, ವಿದ್ಯಾರ್ಥಿಯ ಸ್ವಂತ ಹೆಸರಿನ ಬ್ಯಾಂಕ್ ಖಾತೆ, ಆ ಖಾತೆಗೆ ಆಧಾರ್ ಜೋಡಣೆ. ಅಂಕಪಟ್ಟಿಯಲ್ಲಿ 'ಮಂಜುನಾಥ ಎಚ್.' ಎಂದೂ ಆಧಾರ್‌ನಲ್ಲಿ 'ಮಂಜುನಾಥ ಹನುಮಂತಪ್ಪ' ಎಂದೂ ಇದ್ದರೆ ಕಂಪ್ಯೂಟರಿಗೆ ಅವರಿಬ್ಬರೂ ಬೇರೆ ಬೇರೆ. ಹೆಸರು ಸರಿಪಡಿಸುವ ಕೆಲಸವನ್ನು ಎಸ್.ಎಸ್.ಎಲ್.ಸಿ. ನೋಂದಣಿಯ ಹೊತ್ತಿಗೇ ಮುಗಿಸಿದರೆ ಮುಂದೆ ಹತ್ತು ವರ್ಷ ನೆಮ್ಮದಿ.

ಇನ್ನೊಂದು ಮಾತು ಅಧ್ಯಾಪಕರಿಗೆ. ವಿದ್ಯಾರ್ಥಿ ಅರ್ಜಿ ಸಲ್ಲಿಸಿದೊಡನೆ ಕೆಲಸ ಮುಗಿಯುವುದಿಲ್ಲ. ಕಾಲೇಜು ತನ್ನ ಖಾತೆಯಿಂದ ಒಳಹೊಕ್ಕು ಅದನ್ನು ಪರಿಶೀಲಿಸಿ ಮುಂದಕ್ಕೆ ಕಳುಹಿಸಬೇಕು. ನಾನು ಹಿಂದೆ ಇದ್ದ ಕಾಲೇಜೊಂದರಲ್ಲಿ ಒಂದು ವರ್ಷ ಹನ್ನೊಂದು ಅರ್ಜಿಗಳು ಹಾಗೆಯೇ ಉಳಿದವು. ಈ ಕೆಲಸ ನೋಡುತ್ತಿದ್ದ ಗುಮಾಸ್ತರಿಗೆ ವರ್ಗವಾಗಿತ್ತು, ಪಾಸ್‌ವರ್ಡ್ ಯಾರ ಬಳಿಯೂ ಇರಲಿಲ್ಲ, ನೆನಪೋಲೆ ಬಂದದ್ದನ್ನು ನೋಡಿಯೂ ನಾನು 'ಕಚೇರಿಯವರು ನೋಡಿಕೊಳ್ಳುತ್ತಾರೆ' ಎಂದು ಸುಮ್ಮನಿದ್ದೆ. ಕೊನೆಯ ದಿನಾಂಕ ದಾಟಿದ ಮೇಲೆ ಯಾರನ್ನು ಕೇಳಿದರೂ ಪ್ರಯೋಜನವಾಗಲಿಲ್ಲ. ಆ ಹನ್ನೊಂದರಲ್ಲಿ ಒಬ್ಬಳು ಎರಡನೆಯ ವರ್ಷಕ್ಕೆ ಬರಲಿಲ್ಲ. ತಾಲ್ಲೂಕು ಕೇಂದ್ರದ ಬಟ್ಟೆ ಅಂಗಡಿಯಲ್ಲಿ ಕಂಡಳು, 'ನಮಸ್ಕಾರ ಸಾರ್' ಎಂದಳು. ಅಂದಿನಿಂದ ಪ್ರತಿ ಪರಿಶೀಲನೆಯ ಕೊನೆಯ ದಿನಾಂಕವನ್ನು ನನ್ನ ಸ್ವಂತ ಡೈರಿಯಲ್ಲಿ ಬರೆದುಕೊಳ್ಳುವ ಅಭ್ಯಾಸವಾಯಿತು.

ಎರಡು ತಿಂಗಳ ಬೇಸಿಗೆ

ಮೊತ್ತ ನೋಡಿದರೆ ಚಿಕ್ಕದು, ಪರಿಣಾಮ ನೋಡಿದರೆ ಎಲ್ಲಕ್ಕಿಂತ ದೊಡ್ಡದು ಎಂದು ನಾನು ನಂಬಿರುವುದು ಬೇಸಿಗೆ ಸಂಶೋಧನಾ ಫೆಲೋಶಿಪ್ ಅನ್ನು. ದೇಶದ ಮೂರು ವಿಜ್ಞಾನ ಅಕಾಡೆಮಿಗಳು, ಅಂದರೆ ಬೆಂಗಳೂರಿನ ಭಾರತೀಯ ವಿಜ್ಞಾನ ಅಕಾಡೆಮಿ, ದೆಹಲಿಯ ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ ಮತ್ತು ಪ್ರಯಾಗ್‌ರಾಜ್‌ನ ರಾಷ್ಟ್ರೀಯ ವಿಜ್ಞಾನ ಅಕಾಡೆಮಿ, ಒಟ್ಟಾಗಿ ಇದನ್ನು ನಡೆಸುತ್ತವೆ. ಆಯ್ಕೆಯಾದ ವಿದ್ಯಾರ್ಥಿ ಸುಮಾರು ಎರಡು ತಿಂಗಳು ಒಬ್ಬ ವಿಜ್ಞಾನಿಯ ಪ್ರಯೋಗಾಲಯದಲ್ಲಿ ಕೆಲಸ ಮಾಡುತ್ತಾನೆ. ಶಿಷ್ಯವೇತನವನ್ನೂ ಪ್ರಯಾಣ ವೆಚ್ಚವನ್ನೂ ಕೊಡುತ್ತಾರೆ. ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರಕ್ಕೂ ಇಂಥದೇ ತನ್ನದೊಂದು ಕಾರ್ಯಕ್ರಮವಿದೆ.

ಪಠ್ಯದಲ್ಲಿ ಓದಿದ ರೋಹಿತದರ್ಶಕ ಎದುರಿಗೇ ಇರುತ್ತದೆ. ಅದಕ್ಕಿಂತ ಮುಖ್ಯವಾಗಿ, ಪಕ್ಕದ ಮೇಜಿನಲ್ಲಿ ಪಿಎಚ್.ಡಿ. ವಿದ್ಯಾರ್ಥಿಗಳಿರುತ್ತಾರೆ. ಅವರು ಯಾವ ಪರೀಕ್ಷೆ ಬರೆದರು, ತಿಂಗಳಿಗೆ ಎಷ್ಟು ಬರುತ್ತದೆ, ಜರ್ಮನಿಗೆ ಹೋದ ಹಿರಿಯರು ಅರ್ಜಿ ಹಾಕಿದ್ದು ಹೇಗೆ ಎಂಬುದೆಲ್ಲ ಕ್ಯಾಂಟೀನಿನಲ್ಲಿ ಚಹಾ ಕುಡಿಯುವಾಗ ತಿಳಿಯುತ್ತದೆ. ನಗರದ ಕೆಲವೇ ಕಾಲೇಜುಗಳ ಮಕ್ಕಳಿಗೆ ಈ ತಿಳಿವಳಿಕೆ ಗಾಳಿಯಲ್ಲೇ ಸಿಗುತ್ತದೆ. ಉಳಿದವರು ಅದನ್ನು ಪಡೆಯಲು ಈ ಎರಡು ತಿಂಗಳಿಗಿಂತ ಒಳ್ಳೆಯ ದಾರಿ ನನಗೆ ಗೊತ್ತಿಲ್ಲ.

ಬೇಸಿಗೆಯ ಕೆಲಸಕ್ಕೆ ಅರ್ಜಿ ಬೇಸಿಗೆಯಲ್ಲಲ್ಲ. ಅಕಾಡೆಮಿಗಳ ಅರ್ಜಿ ಸಾಮಾನ್ಯವಾಗಿ ದಸರಾ-ದೀಪಾವಳಿಯ ಆಸುಪಾಸಿನಲ್ಲಿ ತೆರೆದು ನವೆಂಬರ್ ಸುಮಾರಿಗೆ ಮುಚ್ಚುತ್ತದೆ. ಅರ್ಜಿಯಲ್ಲಿ ಎರಡು ಭಾಗಗಳಿಗೆ ತೂಕ ಹೆಚ್ಚು: ವಿದ್ಯಾರ್ಥಿ ತಾನೇ ಬರೆಯುವ ಚಿಕ್ಕ ಉದ್ದೇಶ ಟಿಪ್ಪಣಿ ಮತ್ತು ಅಧ್ಯಾಪಕರ ಶಿಫಾರಸು ಪತ್ರ.

ಟಿಪ್ಪಣಿಯಲ್ಲಿ 'ಬಾಲ್ಯದಿಂದಲೂ ನನಗೆ ವಿಜ್ಞಾನದಲ್ಲಿ ಅಪಾರ ಆಸಕ್ತಿ' ಎಂಬ ವಾಕ್ಯವಿದ್ದರೆ ಅದನ್ನು ಹೊಡೆದುಹಾಕಿಸಿ. ಸಾವಿರಾರು ಅರ್ಜಿಗಳಲ್ಲಿ ಅದೇ ವಾಕ್ಯವಿರುತ್ತದೆ. ಏನು ಓದಿದ್ದೇನೆ, ಯಾವ ಪ್ರಶ್ನೆ ಕಾಡಿದೆ, ಏನು ಮಾಡಿ ನೋಡಿದ್ದೇನೆ ಎಂದು ಬರೆಯಲಿ. ಊರಿನ ಕೆರೆಯ ನೀರಿನ ಗಡಸುತನವನ್ನು ಮಳೆಗಾಲದ ಮುಂಚೆ ಮತ್ತು ಅನಂತರ ಅಳೆದು ನೋಡಿದ್ದರೆ ಅದು ಚಿನ್ನದಂಥ ವಾಕ್ಯ.

ಶಿಫಾರಸು ಪತ್ರದಲ್ಲಿ ನಾವು ಅಧ್ಯಾಪಕರು ಮಾಡುವ ಅನ್ಯಾಯ ದೊಡ್ಡದು. 'ಈತ ವಿಧೇಯ, ಪರಿಶ್ರಮಿ, ಸಚ್ಚಾರಿತ್ರ್ಯವುಳ್ಳವನು' ಎಂದು ಎಲ್ಲರಿಗೂ ಒಂದೇ ಪತ್ರ ಬರೆಯುತ್ತೇವೆ. ಓದುವವರಿಗೆ ಅದರಿಂದ ಏನೂ ತಿಳಿಯುವುದಿಲ್ಲ. ಒಂದು ಉದಾಹರಣೆ ನೋಡಿ. ಲೋಲಕದ ಪ್ರಯೋಗದಲ್ಲಿ ವಿದ್ಯಾರ್ಥಿನಿಯೊಬ್ಬಳಿಗೆ ಗುರುತ್ವ ವೇಗೋತ್ಕರ್ಷದ ಬೆಲೆ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್ ಬರುವ ಬದಲು 10.9ರ ಸುಮಾರು ಬಂತು ಎಂದುಕೊಳ್ಳಿ. ಗೆಳತಿಯರು ಉತ್ತರಕ್ಕೆ ತಕ್ಕಂತೆ ಅಳತೆ ತಿದ್ದಿದರು. ಈಕೆ ತಿದ್ದಲಿಲ್ಲ, ಎಲ್ಲಿ ತಪ್ಪಿತು ಎಂದು ಹುಡುಕಿದಳು. ಗಡಿಯಾರ ಒತ್ತಿದ ಕ್ಷಣದಲ್ಲಿ 'ಸೊನ್ನೆ' ಎನ್ನುವ ಬದಲು 'ಒಂದು' ಎಂದು ಎಣಿಕೆ ಆರಂಭಿಸಿದ್ದಳು. ಹಾಗಾಗಿ 20 ಆಂದೋಲನ ಎಂದುಕೊಂಡದ್ದು ನಿಜಕ್ಕೂ 19. ಆಂದೋಲನಾವಧಿ ಶೇ. 5ರಷ್ಟು ಕಡಿಮೆಯಾಯಿತು, ಬೆಲೆ ಅವಧಿಯ ವರ್ಗಕ್ಕೆ ವಿಲೋಮವಾಗಿರುವುದರಿಂದ ಉತ್ತರ ಸುಮಾರು ಶೇ. 11ರಷ್ಟು ಹೆಚ್ಚಿತು. ಈ ಘಟನೆಯನ್ನು ನಾಲ್ಕು ಸಾಲಿನಲ್ಲಿ ಬರೆದ ಪತ್ರ, ವಿಶೇಷಣಗಳಿಂದ ತುಂಬಿದ ಎರಡು ಪುಟಕ್ಕಿಂತ ಮೇಲು. ಇಂಥ ಸಂಗತಿಗಳು ನೆನಪಿರಬೇಕಾದರೆ ಪ್ರಯೋಗಾಲಯದ ದಿನವೇ ಗುರುತು ಹಾಕಿಕೊಳ್ಳಬೇಕು. ಇಂಗ್ಲಿಷ್ ಭಾಷೆ ಸರಳವಾಗಿದ್ದರೂ ಅಡ್ಡಿಯಿಲ್ಲ.

ಸಂಶೋಧನೆಗೆ

ನೆಟ್ ಪರೀಕ್ಷೆಯನ್ನು ಎಂ.ಎಸ್ಸಿ. ಅಂತಿಮ ವರ್ಷದಲ್ಲಿರುವಾಗಲೇ ಬರೆಯಬಹುದು; ಮುಗಿಯಲಿ ಎಂದು ಕಾಯುವವರು ಒಂದು ವರ್ಷ ಕಳೆದುಕೊಳ್ಳುತ್ತಾರೆ. ಜೆ.ಆರ್.ಎಫ್. ಒಂದೇ ದಾರಿಯೂ ಅಲ್ಲ. ಗೇಟ್ ಪರೀಕ್ಷೆ, ಭೌತವಿಜ್ಞಾನಕ್ಕೆ ಜೆಸ್ಟ್, ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಸ್ವಂತ ಪ್ರವೇಶ ಪರೀಕ್ಷೆ ಇವೆಲ್ಲ ಬೇರೆ ಬೇರೆ ಬಾಗಿಲುಗಳು. ದೊಡ್ಡ ಸಂಶೋಧನಾ ಸಂಸ್ಥೆಗಳಲ್ಲಿ ಪ್ರವೇಶ ಸಿಕ್ಕರೆ ಶಿಷ್ಯವೇತನ ಜೊತೆಗೇ ಬರುತ್ತದೆ. ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಇತರ ಹಿಂದುಳಿದ ವರ್ಗದವರಿಗೆ ಕೇಂದ್ರದ ಪ್ರತ್ಯೇಕ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಅಲ್ಪಸಂಖ್ಯಾತರಿಗಿದ್ದ ಮೌಲಾನಾ ಆಜಾದ್ ಫೆಲೋಶಿಪ್ ಅನ್ನು ನಿಲ್ಲಿಸುವುದಾಗಿ 2022ರ ಡಿಸೆಂಬರ್‌ನಲ್ಲಿ ಪ್ರಕಟಿಸಲಾಯಿತು.

ಹೊರದೇಶಕ್ಕೆ

'ಫಾರಿನ್ನಿಗೆ ಹೋಗಲು ಹೊಲ ಮಾರಬೇಕು' ಎಂಬ ಮಾತು ಎಂ.ಎಸ್. ಪದವಿಯ ಮಟ್ಟಿಗೆ ಬಹಳ ಸಲ ನಿಜ. ವಿಜ್ಞಾನದ ಪಿಎಚ್.ಡಿ.ಗೆ ಅದು ಅನ್ವಯಿಸುವುದಿಲ್ಲ. ಅಮೆರಿಕದಲ್ಲಿ ಸಾಮಾನ್ಯವಾಗಿ ವಿಭಾಗವೇ ಬೋಧನಾ ಅಥವಾ ಸಂಶೋಧನಾ ಸಹಾಯಕನ ಕೆಲಸ ಕೊಟ್ಟು ಶುಲ್ಕ ಮನ್ನಾ ಮಾಡಿ ತಿಂಗಳ ಭತ್ಯೆ ಕೊಡುತ್ತದೆ. ಹೆಚ್ಚಿನ ಅರ್ಜಿಗಳಿಗೆ ಡಿಸೆಂಬರ್-ಜನವರಿ ಕೊನೆ, ಸೇರುವುದು ಆಗಸ್ಟ್-ಸೆಪ್ಟೆಂಬರ್‌ನಲ್ಲಿ. ಹಣದ ನೆರವಿನೊಡನೆ ಪ್ರವೇಶ ಬಂದರೆ ಏಪ್ರಿಲ್ 15ರವರೆಗೆ ಯೋಚಿಸಿ ಉತ್ತರಿಸಬಹುದೆಂದು ಅಲ್ಲಿನ ಬಹುಪಾಲು ವಿಶ್ವವಿದ್ಯಾಲಯಗಳು ಒಪ್ಪಿಕೊಂಡಿವೆ. ಮೊದಲು ಬಂದ ಪತ್ರಕ್ಕೇ ಗಾಬರಿಯಿಂದ ಹೂಂ ಎನ್ನಬೇಕಿಲ್ಲ. ಅರ್ಜಿ ಶುಲ್ಕ ಮಾತ್ರ ಭಾರ. ಕಷ್ಟ ವಿವರಿಸಿ ಮಿಂಚಂಚೆ ಬರೆದರೆ ಮನ್ನಾ ಮಾಡುವ ವಿಭಾಗಗಳಿವೆ, ಕೇಳಲು ಸಂಕೋಚ ಬೇಡ. 2025ರಲ್ಲಿ ಅಲ್ಲಿನ ಸಂಶೋಧನಾ ಅನುದಾನಕ್ಕೆ ಕತ್ತರಿ ಬಿದ್ದು ಕೆಲವು ವಿಶ್ವವಿದ್ಯಾಲಯಗಳು ಪಿಎಚ್.ಡಿ. ಪ್ರವೇಶ ಕಡಿಮೆ ಮಾಡಿದವು. ಹಾಗಾಗಿ ಒಂದೇ ದೇಶವನ್ನು ನೆಚ್ಚಿಕೊಳ್ಳುವುದು ಜಾಣತನವಲ್ಲ.

ಜರ್ಮನಿಯ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಸ್ನಾತಕೋತ್ತರಕ್ಕೂ ಬೋಧನಾ ಶುಲ್ಕವಿಲ್ಲ. ಬಾಡೆನ್-ವುರ್ಟೆಂಬರ್ಗ್ ಪ್ರಾಂತ ಇದಕ್ಕೆ ಹೊರತು. ಅಲ್ಲಿ ಯೂರೋಪಿನ ಹೊರಗಿನವರು 2017ರಿಂದ ಅರ್ಧವರ್ಷಕ್ಕೆ 1,500 ಯೂರೋ ಕೊಡಬೇಕಾಯಿತು. 'ಶುಲ್ಕವಿಲ್ಲ' ಎಂಬ ಮಾತು ಕೇಳಿ ಹೊರಟವರು ಎಡವುವುದು ಮತ್ತೊಂದರಲ್ಲಿ: ವೀಸಾ ಸಿಗಲು ಒಂದು ವರ್ಷದ ಜೀವನ ವೆಚ್ಚವನ್ನು ಮುಂಗಡವಾಗಿ ಒಂದು ಖಾತೆಯಲ್ಲಿ ಇಟ್ಟು ತೋರಿಸಬೇಕು. 2024ರ ಸೆಪ್ಟೆಂಬರ್‌ನಲ್ಲಿ ಆ ಮೊತ್ತವನ್ನು 11,904 ಯೂರೋಗಳಿಗೆ ಏರಿಸಲಾಯಿತು. ವಿದ್ಯಾರ್ಥಿವೇತನವೋ ಸಂಬಳದ ಪಿಎಚ್.ಡಿ. ಹುದ್ದೆಯೋ ಇದ್ದವರಿಗೆ ಈ ತೊಡಕು ಕಡಿಮೆ.

ಸ್ನಾತಕೋತ್ತರವನ್ನೇ ಹೊರಗೆ ಮಾಡಬಯಸುವವರು ಐರೋಪ್ಯ ಒಕ್ಕೂಟದ ಎರಾಸ್ಮಸ್ ಮುಂಡಸ್ ಜಂಟಿ ಪದವಿಗಳನ್ನು ಮೊದಲು ನೋಡಲಿ. ಎರಡು ಅಥವಾ ಹೆಚ್ಚು ದೇಶಗಳಲ್ಲಿ ಓದು, ಶುಲ್ಕವಿಲ್ಲ, 24 ತಿಂಗಳವರೆಗೆ ತಿಂಗಳಿಗೆ 1,400 ಯೂರೋ. ಭಾರತೀಯರು ಇದರಲ್ಲಿ ಹೆಚ್ಚಿನ ಸಂಖ್ಯೆಯಲ್ಲಿ ಆಯ್ಕೆಯಾಗುತ್ತಾ ಬಂದಿದ್ದಾರೆ. ಅರ್ಜಿಯ ಕಾಲ ಬಹುಪಾಲು ಅಕ್ಟೋಬರಿನಿಂದ ಜನವರಿ. ಜಪಾನ್ ಸರ್ಕಾರದ ಮೆಕ್ಸ್ಟ್, ಬ್ರಿಟನ್ನಿನ ಕಾಮನ್‌ವೆಲ್ತ್ ವಿದ್ಯಾರ್ಥಿವೇತನಗಳೂ ಇದೇ ಸಾಲಿನವು.

ಪರಿಶಿಷ್ಟ ಜಾತಿ, ಅಲೆಮಾರಿ ಬುಡಕಟ್ಟು, ಭೂರಹಿತ ಕೃಷಿ ಕಾರ್ಮಿಕರು ಮತ್ತು ಸಾಂಪ್ರದಾಯಿಕ ಕುಶಲಕರ್ಮಿಗಳ ಕುಟುಂಬದವರಿಗೆ ಕೇಂದ್ರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವಿದೆ. ವರ್ಷಕ್ಕೆ 125 ಸ್ಥಾನ. ಕುಟುಂಬದ ಆದಾಯ ಎಂಟು ಲಕ್ಷದೊಳಗೆ, ವಯಸ್ಸು 35ರೊಳಗೆ, ಅಂಕ ಶೇ. 60. ಶುಲ್ಕವಲ್ಲದೆ ಅಮೆರಿಕದಲ್ಲಿ ವರ್ಷಕ್ಕೆ 15,400 ಡಾಲರ್, ಬ್ರಿಟನ್ನಿನಲ್ಲಿ 9,900 ಪೌಂಡ್ ಜೀವನ ವೆಚ್ಚ. ಸೇರುವ ವಿಶ್ವವಿದ್ಯಾಲಯ ಜಗತ್ತಿನ ಕ್ಯು.ಎಸ್. ಶ್ರೇಯಾಂಕದ ಮೊದಲ 500ರಲ್ಲಿರಬೇಕು. ಆದ್ದರಿಂದ ಅರ್ಜಿ ಹಾಕುವ ಮೊದಲೇ ಆ ಪಟ್ಟಿ ನೋಡಿ. ಕರ್ನಾಟಕದ ಸಮಾಜ ಕಲ್ಯಾಣ ಇಲಾಖೆಯ 'ಪ್ರಬುದ್ಧ' ಯೋಜನೆಯೂ ಹೊರದೇಶದ ಓದಿಗೆ ಮೀಸಲಾದದ್ದು.

ಸಾಲ-ವಿದ್ಯಾರ್ಥಿವೇತನ ಎಂಬ ಇನ್ನೊಂದು ಜಾತಿಯಿದೆ, ಹೆಸರು ನೋಡಿ ಮೋಸ ಹೋಗಬಾರದು. 1892ರಲ್ಲಿ ಜಮ್‌ಷೆಟ್‌ಜಿ ಟಾಟಾ ಸ್ಥಾಪಿಸಿದ ಜೆ.ಎನ್. ಟಾಟಾ ದತ್ತಿ ಇಂಥದು, ಪಡೆದುದನ್ನು ಹಿಂತಿರುಗಿಸಬೇಕು. ತುಮಕೂರಿನವರಾದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣ ಲಂಡನ್ನಿಗೆ ಹೋದದ್ದು, ಖಗೋಳ ವಿಜ್ಞಾನಿ ಜಯಂತ ನಾರ್ಳೀಕರ್ ಕೇಂಬ್ರಿಡ್ಜಿಗೆ ಹೋದದ್ದು ಈ ದತ್ತಿಯ ನೆರವಿನಿಂದಲೇ. ಬ್ಯಾಂಕಿನ ಶಿಕ್ಷಣ ಸಾಲಕ್ಕೆ ಮೊದಲು ಇದನ್ನು ವಿಚಾರಿಸುವುದು ಲೇಸು.

ಹೊರದೇಶದ ಅರ್ಜಿಗೆ ಬೇಕಾದ ಪಾಸ್‌ಪೋರ್ಟ್, ವಿಶ್ವವಿದ್ಯಾಲಯದ ಮುದ್ರೆಯಿರುವ ಸಮಗ್ರ ಅಂಕಪಟ್ಟಿ, ಇಂಗ್ಲಿಷ್ ಪರೀಕ್ಷೆಯ ಫಲಿತಾಂಶ ಇವು ಮೂರಕ್ಕೂ ವಾರಗಟ್ಟಲೆ ಹಿಡಿಯುತ್ತದೆ. ಜೂನ್‌ನಲ್ಲೇ ಆರಂಭಿಸಿದರೆ ಡಿಸೆಂಬರ್‌ಗೆ ಉಸಿರಾಡಬಹುದು. 'ವಿದ್ಯಾರ್ಥಿವೇತನ ಮಂಜೂರಾಗಿದೆ, ಬಿಡುಗಡೆಗೆ ಇಷ್ಟು ಹಣ ಕಟ್ಟಿ' ಎಂಬ ಕರೆ ಬಂದರೆ ಫೋನ್ ಇಟ್ಟುಬಿಡಿ. ನಿಜವಾದ ವಿದ್ಯಾರ್ಥಿವೇತನ ಯಾವುದೂ ಹಾಗೆ ಹಣ ಕೇಳುವುದಿಲ್ಲ.

ಅಧ್ಯಾಪಕರಿಗೆ ಕೊನೆಯದೊಂದು ಸುದ್ದಿ. ಮೇಲೆ ಹೇಳಿದ ಮೂರು ಅಕಾಡೆಮಿಗಳ ಬೇಸಿಗೆ ಫೆಲೋಶಿಪ್ ವಿದ್ಯಾರ್ಥಿಗಳಿಗೆ ಮಾತ್ರವಲ್ಲ, ಕಾಲೇಜು ಅಧ್ಯಾಪಕರಿಗೂ ಇದೆ. ನಿಮ್ಮ ವಿದ್ಯಾರ್ಥಿಯ ಅರ್ಜಿಗೆ ಪತ್ರ ಬರೆಯುವ ವಾರವೇ ನಿಮ್ಮ ಅರ್ಜಿಯನ್ನೂ ಹಾಕಬಹುದು.